ಒಂದೇ ಕಥೆಯ ಬೆನ್ನು ಹಿಡಿಯಿರಿ: ಹಳೆಯ ಫ್ಯಾಂಟಸಿ ಪುಸ್ತಕಗಳನ್ನು ಸಂಗ್ರಹಿಸುವ, ಅವುಗಳ ಸಿನಿಮಾ ನೋಡುವ ಬಗೆ

ಹಳೆಯ ಇಂಗ್ಲಿಷ್ ಫ್ಯಾಂಟಸಿ ಪುಸ್ತಕಗಳನ್ನು ಕೂಡಿಡಬೇಕೆಂಬ ಆಸೆ ಹುಟ್ಟಿದವರು ಮೊದಲು ಮಾಡುವ ಕೆಲಸ, ಸಿಕ್ಕಿದ್ದನ್ನೆಲ್ಲ ಕೊಳ್ಳುವುದು. ಕಪಾಟು ಬೇಗ ತುಂಬುತ್ತದೆ, ಓದು ಹಿಂದೆ ಬೀಳುತ್ತದೆ. ಸಿನಿಮಾ ನೋಡಿ ಮುಗಿಸಿದ ಮೇಲೆ ಪುಸ್ತಕ ತೆರೆಯುವ ಮನಸ್ಸೇ ಬರುವುದಿಲ್ಲ. ಹೊಸಬರಿಗೆ ನಾನು ಹೇಳುವ ದಾರಿ ಬೇರೆ. ಒಂದೇ ಒಂದು ಕಥೆಯನ್ನು ಆರಿಸಿಕೊಳ್ಳಿ. ಅದರ ಬೇರೆ ಬೇರೆ ಕಾಲದ ಮುದ್ರಣಗಳು, ಅದಕ್ಕಾಗಿ ಬರೆದ ಚಿತ್ರಗಳು, ಅದರಿಂದ ಹುಟ್ಟಿದ ಸಿನಿಮಾಗಳು ಎಲ್ಲವನ್ನೂ ಒಂದೇ ಸಾಲಿನಲ್ಲಿಟ್ಟು ನೋಡಿ. ಸಿನಿಮಾ ಮಾಡಿದವರೂ ಮೊದಲು ಓದುಗರೇ. ಅವರು ಓದಿದ ಪಠ್ಯ ಯಾವುದು, ಅವರ ಕಣ್ಣಲ್ಲಿ ಉಳಿದ ಚಿತ್ರ ಯಾರದು ಎಂಬುದು ತೆರೆಯ ಮೇಲೆ ಕಾಣಿಸುತ್ತದೆ. ಅದನ್ನು ಗುರುತಿಸುವ ಸಂತೋಷಕ್ಕೆ ದುಬಾರಿ ಮೊದಲ ಮುದ್ರಣದ ಅಗತ್ಯವೂ ಇಲ್ಲ.

ಮೊದಲ ಹೆಜ್ಜೆ: ಕಥೆಯನ್ನು ಆರಿಸಿ

ಆಯ್ಕೆಗೆ ಎರಡು ಅಳತೆ ಸಾಕು. ಮುದ್ರಣದಿಂದ ಮುದ್ರಣಕ್ಕೆ ಆ ಪುಸ್ತಕದ ಪಠ್ಯವೋ ಚಿತ್ರವೋ ರೂಪವೋ ಬದಲಾಗಿರಬೇಕು. ಅದನ್ನು ಆಧರಿಸಿದ ಸಿನಿಮಾ ಮೂಲದಿಂದ ಎಲ್ಲೋ ಒಂದು ಕಡೆ ಗಟ್ಟಿಯಾಗಿ ಬೇರೆ ದಾರಿ ಹಿಡಿದಿರಬೇಕು. ಇವೆರಡೂ ಇರುವ ಮೂರು ಕಥೆಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲನೆಯದು ಎಲ್. ಫ್ರಾಂಕ್ ಬಾಮ್ ಬರೆದ ‘ದಿ ವಂಡರ್‌ಫುಲ್ ವಿಝರ್ಡ್ ಆಫ್ ಆಝ್’. 1900ರಲ್ಲಿ ಷಿಕಾಗೋದ ಜಾರ್ಜ್ ಎಂ. ಹಿಲ್ ಕಂಪನಿ ಇದನ್ನು ಪ್ರಕಟಿಸಿತು. ಚಿತ್ರಕಾರ ಡಬ್ಲ್ಯು. ಡಬ್ಲ್ಯು. ಡೆನ್ಸ್ಲೋ. ಪಠ್ಯದ ನಡುವಿನ ಚಿತ್ರಗಳ ಬಣ್ಣ ಇಲ್ಲಿ ಕಥೆ ನಡೆಯುವ ನಾಡಿಗೆ ತಕ್ಕಂತೆ ಬದಲಾಗುತ್ತದೆ. ಕ್ಯಾನ್ಸಾಸ್‌ನ ಭಾಗದಲ್ಲಿ ಬೂದು, ಮಂಚ್‌ಕಿನ್‌ಗಳ ನಾಡಿನಲ್ಲಿ ನೀಲಿ, ಪಚ್ಚೆಯ ನಗರದಲ್ಲಿ ಹಸಿರು. ಪುಟ ತಿರುವುತ್ತಿದ್ದ ಮಗುವಿಗೆ ತಾನು ಬೇರೆ ನಾಡಿಗೆ ಕಾಲಿಟ್ಟೆ ಎಂದು ಅಕ್ಷರ ಓದುವ ಮೊದಲೇ ತಿಳಿಯುತ್ತಿತ್ತು. 1939ರ ಎಂಜಿಎಂ ಸಿನಿಮಾದಲ್ಲಿ ಕ್ಯಾನ್ಸಾಸ್ ಕಂದು ಛಾಯೆಯಲ್ಲಿದ್ದು, ಡೊರೊಥಿ ಬಾಗಿಲು ತೆರೆದ ಕೂಡಲೇ ಟೆಕ್ನಿಕಲರ್ ತಂತ್ರದ ಬಣ್ಣಗಳು ಹೊಮ್ಮುತ್ತವೆ. ಡೆನ್ಸ್ಲೋ ಬಣ್ಣಗಳಿರುವ ಪ್ರತಿಯನ್ನು ಕೈಯಲ್ಲಿ ಹಿಡಿದವರಿಗೆ ಆ ದೃಶ್ಯದ ಬೇರು ಕಾಗದದಲ್ಲೇ ಕಾಣುತ್ತದೆ. ಪುಸ್ತಕದಲ್ಲಿ ಬೆಳ್ಳಿಯದಾಗಿದ್ದ ಡೊರೊಥಿಯ ಪಾದರಕ್ಷೆ ಸಿನಿಮಾದಲ್ಲಿ ಕೆಂಪು ಮಾಣಿಕ್ಯದ್ದಾದುದೂ ಟೆಕ್ನಿಕಲರ್‌ನಲ್ಲಿ ಎದ್ದು ಕಾಣಲೆಂದೇ. ಚಿತ್ರಗಳೇ ಇಲ್ಲದ ಅಗ್ಗದ ಮರುಮುದ್ರಣ ಕೊಂಡವರಿಗೆ ಇದರಲ್ಲಿ ಅರ್ಧ ತಪ್ಪಿಹೋಗುತ್ತದೆ. ಆದ್ದರಿಂದ ಡೆನ್ಸ್ಲೋ ಚಿತ್ರಗಳನ್ನು ಬಣ್ಣದಲ್ಲಿ ಕೊಟ್ಟಿರುವ ಬುಕ್ಸ್ ಆಫ್ ವಂಡರ್ ಪ್ರಕಾಶನದ ಯಥಾಪ್ರತಿಯನ್ನೋ (ಮೂಲ ಮುದ್ರಣದಂತೆಯೇ ಮತ್ತೆ ಅಚ್ಚು ಹಾಕಿದ್ದು), ಮೈಕೆಲ್ ಪ್ಯಾಟ್ರಿಕ್ ಹರ್ನ್ ಟಿಪ್ಪಣಿ ಬರೆದ 2000ದ ಆವೃತ್ತಿಯನ್ನೋ ಹುಡುಕಿ. ಪಠ್ಯವನ್ನಷ್ಟೇ ಓದಲು ಹಣ ಬೇಕಿಲ್ಲ. ಹಕ್ಕುಸ್ವಾಮ್ಯ ಮುಗಿದ ಕೃತಿಯಾದ್ದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತದೆ.

ಈ ಸರಣಿಯ ಎರಡನೆಯ ಪುಸ್ತಕದಿಂದ ಚಿತ್ರಕಾರ ಬದಲಾಗಿ ಜಾನ್ ಆರ್. ನೀಲ್ ಬಂದರು. ವಾಲ್ಟರ್ ಮರ್ಚ್ ನಿರ್ದೇಶಿಸಿದ 1985ರ ‘ರಿಟರ್ನ್ ಟು ಆಝ್’ ಎರಡನೆಯ ಮತ್ತು ಮೂರನೆಯ ಪುಸ್ತಕಗಳನ್ನು ಬೆರೆಸಿ ಮಾಡಿದ್ದು, ಅದರ ಪಾತ್ರಗಳ ರೂಪ ನೀಲ್ ಚಿತ್ರಗಳಿಗೆ ಹತ್ತಿರವಾಗಿದೆ. ಹಾಡು ಕುಣಿತದ 1939ರ ಸಿನಿಮಾವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ನೋಡಿದವರು ಬೆಚ್ಚಿದರು. ನೀಲ್ ಚಿತ್ರಗಳನ್ನು ಮೊದಲು ನೋಡಿದವರಿಗೆ ಇದು ಪುಸ್ತಕಕ್ಕೆ ಎಷ್ಟು ನಿಷ್ಠವಾಗಿದೆ ಎಂಬುದು ತಿಳಿಯುತ್ತದೆ. ನನ್ನ ಮಟ್ಟಿಗೆ ಇದು ಸಿಗಬೇಕಾದ ಮನ್ನಣೆ ಸಿಗದೆ ಉಳಿದ ಸಿನಿಮಾ.

ಎರಡನೆಯದು ಇಂಗ್ಲಿಷ್ ಲೇಖಕ ಜೆ. ಆರ್. ಆರ್. ಟೋಲ್ಕಿನ್ ಅವರ ‘ದಿ ಹಾಬಿಟ್’. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಇಲ್ಲಿ ಕಥೆಯೇ ಬದಲಾಗಿದೆ. 1937ರ ಸೆಪ್ಟೆಂಬರ್ 21ರಂದು ಲಂಡನ್ನಿನ ಜಾರ್ಜ್ ಅಲನ್ ಆಂಡ್ ಅನ್ವಿನ್ 1,500 ಪ್ರತಿಗಳನ್ನು ಹೊರತಂದಿತು. ಆ ಮೊದಲ ಪಠ್ಯದ ಐದನೆಯ ಅಧ್ಯಾಯದಲ್ಲಿ, ಗುಹೆಯ ಕತ್ತಲಲ್ಲಿ ಬದುಕುವ ಗಾಲಮ್ ಎಂಬ ಜೀವಿ ಕಥಾನಾಯಕ ಬಿಲ್ಬೊ ಜೊತೆಗಿನ ಒಗಟಿನ ಪಂದ್ಯಕ್ಕೆ ತನ್ನ ಮಾಯಾ ಉಂಗುರವನ್ನೇ ಬಹುಮಾನವಾಗಿ ಒಡ್ಡುತ್ತಾನೆ. ಸೋತ ಮೇಲೆ ಅದು ಸಿಗದೆ ಕ್ಷಮೆ ಕೇಳಿ, ಬಿಲ್ಬೊಗೆ ಹೊರಹೋಗುವ ದಾರಿ ತೋರಿಸುತ್ತಾನೆ. ಮುಂದೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆಯುವಾಗ ಆ ಉಂಗುರ ಯಾರೂ ಮನಸಾರೆ ಬಿಟ್ಟುಕೊಡಲಾಗದ ವಸ್ತುವಾಯಿತು. ಹಾಗಾಗಿ ಟೋಲ್ಕಿನ್ ಆ ಅಧ್ಯಾಯವನ್ನು ತಿದ್ದಿದರು. ತಿದ್ದಿದ ರೂಪ 1951ರ ಎರಡನೆಯ ಆವೃತ್ತಿಯಲ್ಲಿ ಬಂತು. 1966ರಲ್ಲಿ ಇನ್ನೊಮ್ಮೆ ಪರಿಷ್ಕರಣೆಯಾಯಿತು. ನಾವು ಸಿನಿಮಾಗಳಲ್ಲಿ ಕಾಣುವ ಗಾಲಮ್ 1951ರವನು. 1937ರ ಗಾಲಮ್‌ನನ್ನು ಭೇಟಿಯಾಗಲು ಲಕ್ಷಗಟ್ಟಲೆ ರೂಪಾಯಿಯ ಮೊದಲ ಮುದ್ರಣ ಬೇಕಿಲ್ಲ. ಹಾರ್ಪರ್‌ಕಾಲಿನ್ಸ್ ಮೊದಲ ಆವೃತ್ತಿಯ ಯಥಾಪ್ರತಿಯನ್ನು ತಂದಿದೆ. ಡಗ್ಲಸ್ ಎ. ಆಂಡರ್ಸನ್ ಅವರ ‘ದಿ ಅನೋಟೇಟೆಡ್ ಹಾಬಿಟ್’ನ ಟಿಪ್ಪಣಿಗಳಲ್ಲಿಯೂ ಹಳೆಯ ಭಾಗ ಇದೆ. ಒಂದೇ ಸಂಜೆ ಎರಡೂ ರೂಪಗಳನ್ನು ಬೆನ್ನುಬೆನ್ನಿಗೆ ಓದಿ ನೋಡಿ. ಒಬ್ಬ ಬರಹಗಾರ ತನ್ನ ಕಥೆಯನ್ನು ತಾನೇ ಹೊಸದಾಗಿ ಅರ್ಥಮಾಡಿಕೊಂಡ ಬಗೆಯನ್ನು ಇಷ್ಟು ಹತ್ತಿರದಿಂದ ಕಾಣುವ ಅವಕಾಶ ಅಪರೂಪ.

ಮೂರನೆಯದು ಜರ್ಮನ್ ಲೇಖಕ ಮಿಖಾಯೆಲ್ ಎಂಡೆ ಬರೆದ ‘ದಿ ನೆವರ್‌ಎಂಡಿಂಗ್ ಸ್ಟೋರಿ’. 1979ರಲ್ಲಿ ಸ್ಟುಟ್‌ಗಾರ್ಟ್‌ನ ಟೀನೆಮಾನ್ ಪ್ರಕಟಿಸಿದ ಮೂಲದಲ್ಲಿ ಅಕ್ಷರಗಳು ಎರಡು ಬಣ್ಣದಲ್ಲಿವೆ. ಹುಡುಗನ ಲೋಕಕ್ಕೆ ಒಂದು ಬಣ್ಣ, ಅವನು ಓದುತ್ತಿರುವ ಪುಸ್ತಕದ ಲೋಕಕ್ಕೆ ಇನ್ನೊಂದು. ಇಪ್ಪತ್ತಾರು ಅಧ್ಯಾಯಗಳು ಅಕ್ಷರಮಾಲೆಯ ಒಂದೊಂದು ಅಕ್ಷರದಿಂದ ಕ್ರಮವಾಗಿ ಶುರುವಾಗುತ್ತವೆ. ರಾಲ್ಫ್ ಮ್ಯಾನ್‌ಹೈಮ್ ಇದನ್ನು ಇಂಗ್ಲಿಷಿಗೆ ತಂದದ್ದು 1983ರಲ್ಲಿ. ಅಗ್ಗದ ಕೆಲವು ಮುದ್ರಣಗಳಲ್ಲಿ ಬಣ್ಣದ ಬದಲು ಓರೆ ಅಕ್ಷರ ಬಳಸಿದ್ದಾರೆ. ಕೊಳ್ಳುವ ಮೊದಲು ಪುಟ ತೆರೆದು ನೋಡಿ, ಎರಡು ಬಣ್ಣದ ಪ್ರತಿಗೇ ಕಾಯಿರಿ. ವೋಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶಿಸಿದ 1984ರ ಸಿನಿಮಾ ಪುಸ್ತಕದ ಮೊದಲ ಅರ್ಧಕ್ಕೇ ನಿಲ್ಲುತ್ತದೆ. ಎಂಡೆಗೆ ಅದು ಹಿಡಿಸಲಿಲ್ಲ, ತಮ್ಮ ಹೆಸರನ್ನು ತೆಗೆಯುವಂತೆ ಕೇಳಿದರು. ಸಿನಿಮಾ ನೋಡಿ ಕಥೆ ಗೊತ್ತಾಯಿತು ಎಂದುಕೊಂಡವರಿಗೆ ಹುಡುಗ ತನ್ನ ಆಸೆಗಳಲ್ಲಿ ಕಳೆದುಹೋಗುವ ಕಠಿಣವಾದ ದ್ವಿತೀಯಾರ್ಧ ಪುಸ್ತಕದಲ್ಲಿ ಕಾದಿರುತ್ತದೆ.

ಎರಡನೆಯ ಹೆಜ್ಜೆ: ಪ್ರಕಾಶಕರ ಪುಟವನ್ನು ಓದಲು ಕಲಿಯಿರಿ

ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಹಕ್ಕುಸ್ವಾಮ್ಯ, ಮುದ್ರಣದ ವಿವರಗಳು ಇರುತ್ತವೆ. ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡಾಗ ಮುಖಪುಟಕ್ಕಿಂತ ಮೊದಲು ಇದನ್ನೇ ನೋಡಿ. ಬ್ರಿಟನ್ನಿನ ಹಳೆಯ ಪುಸ್ತಕಗಳಲ್ಲಿ ಮೊದಲು ಪ್ರಕಟವಾದ ವರ್ಷ, ನಂತರದ ಮರುಮುದ್ರಣಗಳ ವರ್ಷಗಳು ಸಾಲಾಗಿ ಇರುತ್ತವೆ. ಪಟ್ಟಿಯ ಕೊನೆಯ ವರ್ಷವೇ ನಿಮ್ಮ ಪ್ರತಿಯದು. ಇತ್ತೀಚಿನ ಪುಸ್ತಕಗಳಲ್ಲಿ 10ರಿಂದ 1ರವರೆಗೆ ಅಂಕಿಗಳ ಸಾಲೊಂದಿರುತ್ತದೆ. ಅದರಲ್ಲಿ ಉಳಿದಿರುವ ಅತಿ ಚಿಕ್ಕ ಅಂಕಿ ಎಷ್ಟನೆಯ ಮುದ್ರಣ ಎಂಬುದನ್ನು ಹೇಳುತ್ತದೆ. ಹಕ್ಕುಸ್ವಾಮ್ಯದ ವರ್ಷವನ್ನೇ ಮುದ್ರಣದ ವರ್ಷವೆಂದು ತಿಳಿದು ಹೆಚ್ಚು ಹಣ ಕೊಡುವವರು ಬಹಳ. ಮಾರುವವರಲ್ಲಿಯೂ ಹಾಗೆ ತಿಳಿದವರಿದ್ದಾರೆ.

ಅಮೆರಿಕದಿಂದ ಬಂದ ಗಟ್ಟಿ ರಟ್ಟಿನ ಪುಸ್ತಕಗಳಲ್ಲಿ ಬುಕ್ ಕ್ಲಬ್ ಮುದ್ರಣಗಳು, ಅಂದರೆ ಓದುಗರ ಕೂಟಗಳು ತಮ್ಮ ಸದಸ್ಯರಿಗೆ ಅಗ್ಗವಾಗಿ ಮಾರಿದ ಪ್ರತಿಗಳು, ಬಹಳ. ಹೊರಹೊದಿಕೆಯ ಒಳಮಡಿಕೆಯಲ್ಲಿ ಬೆಲೆ ಅಚ್ಚಾಗಿರದಿದ್ದರೆ, ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ ಸಣ್ಣ ಒತ್ತುಗುರುತಿದ್ದರೆ, ಕಾಗದ ತೆಳುವಾಗಿದ್ದರೆ ಸಂಶಯಪಡಿ. ಓದಲು ಅವು ಚೆನ್ನಾಗಿಯೇ ಇರುತ್ತವೆ, ಮೊದಲ ಮುದ್ರಣದ ಬೆಲೆ ಮಾತ್ರ ಕೊಡಬೇಡಿ. ಲೇಖಕರ ಸಹಿ ಇದೆ ಎಂದು ಯಾರಾದರೂ ಹೇಳಿದರೆ, ಆ ಪ್ರತಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ದಾಖಲೆ ಕೇಳಿ. ದಾಖಲೆ ಇಲ್ಲದಿದ್ದರೆ ಸಹಿಯೇ ಇಲ್ಲವೆಂದು ಬೆಲೆ ಕಟ್ಟಿ.

ಈ ಪುಟ ಎಂಥ ಚರಿತ್ರೆಯನ್ನು ಬಚ್ಚಿಟ್ಟುಕೊಂಡಿರಬಹುದು ಎಂಬುದಕ್ಕೆ ಟೋಲ್ಕಿನ್‌ರ ಅಮೆರಿಕನ್ ಪೇಪರ್‌ಬ್ಯಾಕ್‌ಗಳೇ ಸಾಕ್ಷಿ. 1965ರಲ್ಲಿ ಏಸ್ ಬುಕ್ಸ್, ಲೇಖಕರ ಒಪ್ಪಿಗೆಯಿಲ್ಲದೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರು ಸಂಪುಟಗಳನ್ನು ತಲಾ 75 ಸೆಂಟಿಗೆ ಮಾರಾಟಕ್ಕಿಟ್ಟಿತು. ಅದೇ ವರ್ಷ ಬ್ಯಾಲಂಟೈನ್ 95 ಸೆಂಟಿನ ಅಧಿಕೃತ ಆವೃತ್ತಿ ತಂದಿತು. ಅದರ ಹಿಂಬದಿಯಲ್ಲಿ, ತಮ್ಮ ಒಪ್ಪಿಗೆ ಇರುವುದು ಈ ಪೇಪರ್‌ಬ್ಯಾಕ್‌ಗೆ ಮಾತ್ರ ಎಂಬ ಟೋಲ್ಕಿನ್‌ರ ಹೇಳಿಕೆ ಇದೆ. ಓದುಗರ ಒತ್ತಡ ಹೆಚ್ಚಿ ಏಸ್ ಕೊನೆಗೆ ಲೇಖಕರಿಗೆ ಹಣ ಕೊಟ್ಟು ಮುದ್ರಣ ನಿಲ್ಲಿಸಿತು. ಬ್ಯಾಲಂಟೈನ್ ಮುಖಪುಟ ಬರೆದ ಬಾರ್ಬರಾ ರೆಮಿಂಗ್ಟನ್ ಆಗಿನ್ನೂ ಪುಸ್ತಕಗಳನ್ನು ಓದಿರಲಿಲ್ಲ. ‘ದಿ ಹಾಬಿಟ್’ ಮುಖಪುಟದಲ್ಲಿ ಸಿಂಹವೂ ಎಮು ಹಕ್ಕಿಗಳೂ ಬಂದುಬಿಟ್ಟವು, ಇವಕ್ಕೂ ಕಥೆಗೂ ಏನು ಸಂಬಂಧ ಎಂದು ಟೋಲ್ಕಿನ್ ಕೇಳಿದರು. ಮುಂದಿನ ಮುದ್ರಣಗಳಲ್ಲಿ ಸಿಂಹವನ್ನು ತೆಗೆದರು. ಸಿಂಹವಿರುವ ಪ್ರತಿ ಕಣ್ಣಿಗೆ ಬಿದ್ದರೆ ಬಿಡಬೇಡಿ.

ಮೂರನೆಯ ಹೆಜ್ಜೆ: ಎಲ್ಲಿ ಹುಡುಕಬೇಕು

ಬೆಂಗಳೂರಿನವರು ಅದೃಷ್ಟವಂತರು. ಚರ್ಚ್ ಸ್ಟ್ರೀಟಿನ ಬ್ಲಾಸಮ್ ಮತ್ತು ಬುಕ್‌ವರ್ಮ್‌ಗಳಲ್ಲಿ ಹಳೆಯ ಪೇಪರ್‌ಬ್ಯಾಕ್‌ಗಳ ಕಪಾಟುಗಳಿವೆ. ಬ್ರಿಗೇಡ್ ರಸ್ತೆಯ ಬಳಿಯ ಸೆಲೆಕ್ಟ್ ಬುಕ್ ಶಾಪ್ 1945ರಿಂದ ನಡೆದುಬಂದಿದೆ. ಅವೆನ್ಯೂ ರಸ್ತೆಯಲ್ಲಿ ಪಠ್ಯಪುಸ್ತಕಗಳೇ ಹೆಚ್ಚಾದರೂ ರಾಶಿಯ ತಳದಲ್ಲಿ ಕಥೆ ಪುಸ್ತಕ ಸಿಗುವುದುಂಟು. ಇಂಥ ಅಂಗಡಿಗಳಲ್ಲಿ ಬ್ರಿಟಿಷ್ ಮುದ್ರಣಗಳೇ ಹೆಚ್ಚಾಗಿ ಸಿಗುವುದರಿಂದ ಅನ್ವಿನ್ ಪೇಪರ್‌ಬ್ಯಾಕ್‌ಗಳನ್ನು, ಪಫಿನ್ ಪ್ರಕಟಿಸಿದ, ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಸರಣಿಯ ಪ್ರತಿಗಳನ್ನು ಗುರಿಯಾಗಿಟ್ಟುಕೊಳ್ಳುವುದು ಜಾಣತನ. ನಿಮಗೆ ಬೇಕಾದ ಕಥೆ, ಪ್ರಕಾಶಕರು, ಸುಮಾರು ವರ್ಷ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಅಂಗಡಿಯವರ ಕೈಗೆ ಕೊಡಿ. ‘ಫ್ಯಾಂಟಸಿ ಇದೆಯಾ’ ಎಂದು ಕೇಳಿದವರನ್ನು ಅವರು ಮರೆಯುತ್ತಾರೆ. ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಕೇಳುವವರಿಗೆ, ಬಂದಾಗ ಎತ್ತಿಟ್ಟು ಫೋನ್ ಮಾಡುತ್ತಾರೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಬೇರೆ ಅನುಕೂಲವಿದೆ. ಬ್ರಿಟನ್ನಿನಲ್ಲಿ ಆಕ್ಸ್‌ಫ್ಯಾಮ್ ಪುಸ್ತಕದ ಅಂಗಡಿಗಳು, ಹಳೆ ಪುಸ್ತಕಗಳಿಗೆಂದೇ ಹೆಸರಾದ ವೇಲ್ಸಿನ ಹೇ-ಆನ್-ವೈ ಊರು, ಅಮೆರಿಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳು ನಡೆಸುವ ಹಳೆ ಪುಸ್ತಕ ಮಾರಾಟ. ರಜೆಗೆ ಊರಿಗೆ ಬರುವ ನೆಂಟರ ಸೂಟ್‌ಕೇಸಿನಲ್ಲಿ ಎರಡು ಪೇಪರ್‌ಬ್ಯಾಕ್‌ಗೆ ಜಾಗ ಕೇಳಲು ಸಂಕೋಚ ಬೇಡ. ಏಬ್‌ಬುಕ್ಸ್, ಈಬೇಯಂಥ ತಾಣಗಳಲ್ಲಿ ಪುಸ್ತಕಕ್ಕಿಂತ ಅಂಚೆ ವೆಚ್ಚವೇ ಹೆಚ್ಚಾಗಬಹುದು, ಮೇಲೆ ಸುಂಕವೂ ಬೀಳಬಹುದು. ಒಟ್ಟು ಮೊತ್ತ ಲೆಕ್ಕ ಹಾಕಿದ ಮೇಲೆಯೇ ನಿರ್ಧರಿಸಿ.

ನಾಲ್ಕನೆಯ ಹೆಜ್ಜೆ: ಸ್ಥಿತಿ ನೋಡಿ ಬೆಲೆ ಕೊಡಿ

ಹಳೆ ಪುಸ್ತಕದ ವ್ಯಾಪಾರದಲ್ಲಿ ‘ಗುಡ್’ ಎಂದರೆ ಚೆನ್ನಾಗಿದೆ ಎಂದರ್ಥವಲ್ಲ, ಪುಟಗಳೆಲ್ಲ ಇವೆ ಎಂದಷ್ಟೇ. ಅದರ ಮೇಲಿನ ದರ್ಜೆ ‘ವೆರಿ ಗುಡ್’, ಅದಕ್ಕೂ ಮೇಲೆ ‘ಫೈನ್’. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಬೆನ್ನು, ನಾಲ್ಕೂ ಮೂಲೆ, ಪ್ರಕಾಶಕರ ಪುಟ, ಹೊರಹೊದಿಕೆಯ ಒಳಮಡಿಕೆ ಇವುಗಳ ಚಿತ್ರ ಕೇಳಿ. ಗಟ್ಟಿ ರಟ್ಟಿನ ಪುಸ್ತಕಕ್ಕೆ ಮೂಲ ಹೊದಿಕೆ ಇದೆಯೋ ಇಲ್ಲವೋ ಎಂಬುದರ ಮೇಲೆ ಬೆಲೆ ಹಲವು ಪಟ್ಟು ಏರುತ್ತದೆ, ಇಳಿಯುತ್ತದೆ. ಹೊದಿಕೆ ನೆರಳಚ್ಚು ಪ್ರತಿಯೇ ಎಂದು ಕೇಳುವುದನ್ನು ಮರೆಯಬೇಡಿ.

ಬೂಷ್ಟಿನ ವಾಸನೆ ಬರುವ ಪುಸ್ತಕವನ್ನು ಎಷ್ಟೇ ಅಗ್ಗವಾದರೂ ಮನೆಗೆ ತರಬೇಡಿ, ಉಳಿದವಕ್ಕೂ ಹಬ್ಬುತ್ತದೆ. ಹಳದಿಯಾದ ಕಾಗದ, ಹಿಂದಿನವರು ಬರೆದ ಹೆಸರು, ಗ್ರಂಥಾಲಯದ ಮೊಹರು ಇವು ಬೆಲೆ ಇಳಿಸುವ ಸಂಗತಿಗಳು, ಓದಿಗೆ ಅಡ್ಡಿಯಲ್ಲ. ನಾನಾದರೆ ಮೊಹರಿರುವ ಪ್ರತಿಯನ್ನೇ ಮೊದಲು ಕೊಳ್ಳುತ್ತೇನೆ. ಮಿಕ್ಕ ಹಣಕ್ಕೆ ಇನ್ನೊಂದು ಮುದ್ರಣ ಸಿಗುತ್ತದೆ.

ಐದನೆಯ ಹೆಜ್ಜೆ: ಕಾಪಾಡಿ

ಮಲೆನಾಡು, ಕರಾವಳಿಯ ಮಳೆಗಾಲ ಹಳೆಯ ಪೇಪರ್‌ಬ್ಯಾಕ್‌ಗಳಿಗೆ ದೊಡ್ಡ ಶತ್ರು. ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಗೋಡೆಗೂ ಪುಸ್ತಕಕ್ಕೂ ನಡುವೆ ಗಾಳಿ ಆಡಲಿ. ನೇರ ಬಿಸಿಲು ಬಿದ್ದರೆ ಬೆನ್ನಿನ ಬಣ್ಣ ಹೋಗುತ್ತದೆ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ, ಓರೆಯಾಗಿ ವಾಲಲೂ ಬಿಡಬೇಡಿ. ಗೆದ್ದಲು ಮರದ ಕಪಾಟಿನ ಹಿಂಬದಿಯಿಂದ ಬರುವುದರಿಂದ ವರ್ಷಕ್ಕೆರಡು ಬಾರಿ ಎಲ್ಲವನ್ನೂ ಹೊರತೆಗೆದು ನೋಡಿ. ಹುಳು ಬಿದ್ದಿರುವ ಸಂಶಯವಿರುವ ಹೊಸ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಉಳಿದವುಗಳಿಂದ ದೂರ ಇಟ್ಟು ಕೆಲವು ವಾರ ಗಮನಿಸಿ.

ಸೆಲ್ಲೋ ಟೇಪ್ ಹಚ್ಚಲೇಬೇಡಿ. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದವನ್ನೇ ತಿನ್ನುತ್ತದೆ. ಶಾಲೆಯ ಪುಸ್ತಕಕ್ಕೆ ಹಾಕಿದಂತೆ ಬೈಂಡ್ ಕಾಗದ ಅಂಟಿಸುವುದೂ ಬೇಡ. ಅಂಟಿಲ್ಲದ, ತೆಗೆದು ಹಾಕಬಹುದಾದ ಪಾರದರ್ಶಕ ಪಾಲಿಯೆಸ್ಟರ್ ಹೊದಿಕೆ ಸಾಕು. ಅರ್ಧ ಶತಮಾನದ ಪೇಪರ್‌ಬ್ಯಾಕನ್ನು ಪೂರ್ತಿ ಅಗಲಿಸಿ ಮೇಜಿನ ಮೇಲೆ ಮಲಗಿಸಿದರೆ ಬೆನ್ನಿನ ಅಂಟು ಸೀಳುತ್ತದೆ. ಕೈಯಲ್ಲಿ ಹಿಡಿದು ಅರ್ಧ ತೆರೆದೇ ಓದಿ.

ಆರನೆಯ ಹೆಜ್ಜೆ: ಓದಿ, ಆಮೇಲೆ ನೋಡಿ

ಪುಸ್ತಕ ಮೊದಲೋ ಸಿನಿಮಾ ಮೊದಲೋ ಎಂಬ ಚರ್ಚೆಯಲ್ಲಿ ನನ್ನ ನಿಲುವು ಸ್ಪಷ್ಟ, ಪುಸ್ತಕವೇ ಮೊದಲು. ಚಿತ್ರಗಳಿರುವ ಪ್ರತಿಯಾದರೆ ಮೊದಲ ಓದಿನಲ್ಲಿ ಚಿತ್ರಗಳ ಮೇಲೆ ಹೆಚ್ಚು ಹೊತ್ತು ನಿಲ್ಲಿ. ‘ಚಂದಮಾಮ’ ಓದಿ ಬೆಳೆದವರಿಗೆ ವಿಕ್ರಮನ ಹೆಗಲ ಮೇಲಿನ ಬೇತಾಳ ಹೇಗೆ ಒಂದೇ ರೂಪದಲ್ಲಿ ಕಣ್ಣಿಗೆ ಕಟ್ಟುತ್ತದೆಯೋ, ಫ್ಯಾಂಟಸಿ ಓದುಗರಿಗೂ ಚಿತ್ರಕಾರರು ಹಾಗೆಯೇ ಆವರಿಸಿಕೊಂಡಿದ್ದಾರೆ. ಟೋಲ್ಕಿನ್ ಜನ್ಮಶತಾಬ್ದಿಗೆಂದು 1991ರಲ್ಲಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಆವೃತ್ತಿಗೆ ಅಲನ್ ಲೀ ಐವತ್ತು ಜಲವರ್ಣ ಚಿತ್ರಗಳನ್ನು ಬರೆದರು. ನಿರ್ದೇಶಕ ಪೀಟರ್ ಜಾಕ್ಸನ್ ಈ ಕಥೆಯನ್ನು ಆಧರಿಸಿದ ತಮ್ಮ ಸಿನಿಮಾಗಳಿಗೆ ಇದೇ ಅಲನ್ ಲೀ ಮತ್ತು ಇನ್ನೊಬ್ಬ ಟೋಲ್ಕಿನ್ ಚಿತ್ರಕಾರ ಜಾನ್ ಹೋವ್ ಅವರನ್ನು ನ್ಯೂಜಿಲೆಂಡಿಗೆ ಕರೆಸಿಕೊಂಡರು. 2003ರ ‘ದಿ ರಿಟರ್ನ್ ಆಫ್ ದಿ ಕಿಂಗ್’ನ ಕಲಾ ನಿರ್ದೇಶನಕ್ಕೆ ಬಂದ ಆಸ್ಕರ್‌ನಲ್ಲಿ ಲೀ ಅವರಿಗೂ ಪಾಲಿದೆ. 1991ರ ಆ ದೊಡ್ಡ ಸಂಪುಟ ಹಳೆ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ. ಟೋಲ್ಕಿನ್ ಸಂಗ್ರಹಕ್ಕೆ ಒಂದೇ ಒಂದು ದುಬಾರಿ ಪ್ರತಿ ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ಸಿನಿಮಾಗಳನ್ನು ಹಳೆಯದರಿಂದ ಹೊಸದಕ್ಕೆ, ಬಂದ ಕ್ರಮದಲ್ಲಿಯೇ ನೋಡಿ. ‘ದಿ ಹಾಬಿಟ್’ ಆರಿಸಿಕೊಂಡವರು ರ‍್ಯಾಂಕಿನ್-ಬಾಸ್ ತಯಾರಿಸಿದ 1977ರ ಅನಿಮೇಷನ್‌ನಿಂದ ಶುರುಮಾಡಲಿ. ಟಿವಿಗಾಗಿ ಮಾಡಿದ ಸಣ್ಣ ಚಿತ್ರವಾದರೂ ಪುಸ್ತಕದ ಹಾಡುಗಳನ್ನು ಮನಸ್ಸಿಟ್ಟು ಬಳಸಿದೆ. 2012, 2013, 2014ರಲ್ಲಿ ಬಂದ ಜಾಕ್ಸನ್‌ರ ಮೂರು ಭಾಗಗಳಿಗೆ ಕುಳಿತುಕೊಳ್ಳುವ ಮೊದಲು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರನೆಯ ಸಂಪುಟವನ್ನೂ ಪಕ್ಕದಲ್ಲಿಡಿ. ಒಂದು ತೆಳು ಪುಸ್ತಕ ಮೂರು ಸಿನಿಮಾ ಆಗಲು ಬೇಕಾದ ಸಾಮಗ್ರಿಯ ಒಂದು ಭಾಗ ಅದರ ಅನುಬಂಧಗಳಿಂದ ಬಂದಿದೆ. ಯಾವುದು ಅಲ್ಲಿಂದ ಬಂತು, ಟೌರಿಯಲ್‌ಳಂಥ ಯಾವ ಪಾತ್ರ ಸಿನಿಮಾದವರದೇ ಸೃಷ್ಟಿ ಎಂಬುದನ್ನು ಬೇರ್ಪಡಿಸುತ್ತಾ ನೋಡಿದರೆ, ಬರಿದೇ ಎಳೆದಿದ್ದಾರೆ ಎಂಬ ಬೇಸರ ಕಡಿಮೆಯಾಗುತ್ತದೆ.

ಟಿಪ್ಪಣಿಗೆ ಒಂದು ಪುಸ್ತಕ ಇಡಿ. ಕಥೆಯ ಒಂದೇ ದೃಶ್ಯವನ್ನು ಆರಿಸಿಕೊಂಡು ಪ್ರತಿ ಮುದ್ರಣ, ಪ್ರತಿ ಸಿನಿಮಾದಲ್ಲಿ ಅದು ಹೇಗಿದೆ ಎಂದು ಬರೆಯಿರಿ. ನಾರ್ನಿಯಾದ ಮೊದಲು ಪ್ರಕಟವಾದ ಪುಸ್ತಕದ ಆರಂಭವನ್ನೇ ತೆಗೆದುಕೊಳ್ಳಿ. ಯುದ್ಧಕಾಲದ ವಾಯುದಾಳಿಯ ಕಾರಣಕ್ಕೆ ಮಕ್ಕಳನ್ನು ಲಂಡನ್ನಿನಿಂದ ಹೊರಗೆ ಕಳುಹಿಸಿದರು ಎಂಬುದನ್ನು ಸಿ. ಎಸ್. ಲೂಯಿಸ್ 1950ರಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಆಗಿನ ಬ್ರಿಟಿಷ್ ಓದುಗರಿಗೆ ಅಷ್ಟು ಸಾಕಿತ್ತು. 2005ರ ಸಿನಿಮಾ ಬಾಂಬು ಬೀಳುವುದನ್ನೇ ತೋರಿಸಿ ಶುರುವಾಗುತ್ತದೆ, ಏಕೆಂದರೆ ಈಗಿನ ಪ್ರೇಕ್ಷಕರಿಗೆ ಆ ನೆನಪಿಲ್ಲ. ಇಂಥ ಒಂದು ವ್ಯತ್ಯಾಸ ಕಣ್ಣಿಗೆ ಬಿದ್ದರೆ ಉಳಿದವು ತಾವಾಗಿ ಕಾಣತೊಡಗುತ್ತವೆ.

ಏಳನೆಯ ಹೆಜ್ಜೆ: ಡಿಸ್ಕ್‌ಗಳನ್ನೂ ಕೂಡಿಡಿ

ಒಟಿಟಿಯಲ್ಲಿ ಇವತ್ತು ಇರುವ ಹಳೆಯ ಸಿನಿಮಾ ನಾಳೆ ಇರುತ್ತದೆಂಬ ಭರವಸೆ ಇಲ್ಲ. ನಿಮ್ಮ ಕಥೆಗೆ ಸಂಬಂಧಿಸಿದ್ದನ್ನು ಡಿವಿಡಿ ಅಥವಾ ಬ್ಲೂ-ರೇಯಲ್ಲಿ ಕೊಳ್ಳಿ. ಕೊಳ್ಳುವಾಗ ವಲಯ ಸಂಕೇತ ನೋಡಿ. ಡಿವಿಡಿಗೆ ಭಾರತ 5ನೆಯ ವಲಯ, ಬ್ರಿಟನ್ 2, ಅಮೆರಿಕ 1. ಬ್ಲೂ-ರೇಗೆ ಭಾರತ ಸಿ, ಬ್ರಿಟನ್ ಬಿ, ಅಮೆರಿಕ ಎ. ವಲಯದ ನಿರ್ಬಂಧವಿಲ್ಲದ ಡಿಸ್ಕ್ ಅಥವಾ ಎಲ್ಲ ವಲಯ ಓದುವ ಪ್ಲೇಯರ್ ಇಲ್ಲದಿದ್ದರೆ ವಿದೇಶದಿಂದ ತಂದದ್ದು ಶೋಕೇಸಿಗೆ ಮಾತ್ರ. ಜಾಕ್ಸನ್ ಸಿನಿಮಾಗಳ ವಿಸ್ತೃತ ಆವೃತ್ತಿಗಳಲ್ಲಿ, ಪುಸ್ತಕದಿಂದ ಚಿತ್ರಕಥೆ ಹೇಗೆ ಮೂಡಿತೆಂಬ ದೀರ್ಘ ಸಾಕ್ಷ್ಯಚಿತ್ರಗಳಿವೆ. 1939ರ ‘ಆಝ್’ನಂಥ ಹಳೆಯ ಚಿತ್ರಗಳು ಹೆಚ್ಚು ಕಡಿಮೆ ಚೌಕಾಕಾರದವು. ಟಿವಿ ಅದನ್ನು ಅಗಲಕ್ಕೆ ಎಳೆಯದಂತೆ ಸೆಟ್ಟಿಂಗ್ ಬದಲಿಸಿ. ಬದಿಗಳಲ್ಲಿ ಕಪ್ಪು ಪಟ್ಟಿ ಇದ್ದರೆ ಇರಲಿ.

ಮುಂದಿನ ಕಥೆ

ಒಂದು ಕಥೆಯ ಮುದ್ರಣಗಳೂ ಸಿನಿಮಾಗಳೂ ತಕ್ಕಮಟ್ಟಿಗೆ ಕೂಡಿದ ಮೇಲೆ ಮುಂದಿನದನ್ನು ಅದರೊಳಗಿಂದಲೇ ಆರಿಸಿ. 1970ರ ದಶಕದ ಬ್ಯಾಲಂಟೈನ್ ಟೋಲ್ಕಿನ್ ಪೇಪರ್‌ಬ್ಯಾಕ್‌ಗಳಿಗೆ 1973ರಲ್ಲಿ ಪುಟ್ಟ ಮುನ್ನುಡಿ ಬರೆದವರು ಪೀಟರ್ ಎಸ್. ಬೀಗಲ್. ರಾಲ್ಫ್ ಬಕ್ಷಿ ಮಾಡಿದ 1978ರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನಿಮೇಷನ್‌ನ ಚಿತ್ರಕಥೆಯಲ್ಲಿ ಅವರ ಕೈಯಿದೆ. ಅವರದೇ ಕಾದಂಬರಿ ‘ದಿ ಲಾಸ್ಟ್ ಯೂನಿಕಾರ್ನ್’ 1968ರಲ್ಲಿ ವೈಕಿಂಗ್‌ನಿಂದ ಬಂತು, 1982ರಲ್ಲಿ ಅವರದೇ ಚಿತ್ರಕಥೆಯೊಂದಿಗೆ ಸಿನಿಮಾ ಆಯಿತು. ಅದರ ಅನಿಮೇಷನ್ ಮಾಡಿದ್ದು ಜಪಾನಿನ ಟಾಪ್‌ಕ್ರಾಫ್ಟ್, 1977ರ ‘ದಿ ಹಾಬಿಟ್’ ಚಿತ್ರಿಸಿದ ಅದೇ ಸ್ಟುಡಿಯೊ. ಅದೇ ಟಾಪ್‌ಕ್ರಾಫ್ಟ್ 1984ರಲ್ಲಿ ಹಯಾವೊ ಮಿಯಾಝಾಕಿಯವರ ‘ನೌಸಿಕಾ’ವನ್ನು ಮಾಡಿತು. ಅದಕ್ಕೂ ಮೂಲವಾದ ಮಾಂಗಾ (ಜಪಾನಿ ಕಾಮಿಕ್ಸ್) ಪುಸ್ತಕವಿದೆ, ಬರೆದವರೂ ಮಿಯಾಝಾಕಿಯವರೇ. ಬೀಗಲ್ ಕಾದಂಬರಿಯ ಹಳೆಯ ಬ್ಯಾಲಂಟೈನ್ ಪ್ರತಿಯನ್ನೂ ನೌಸಿಕಾದ ಸಂಪುಟಗಳನ್ನೂ ಅಂಗಡಿಯವರಿಗೆ ಕೊಡುವ ಮುಂದಿನ ಚೀಟಿಯಲ್ಲಿ ಬರೆದಿಡಿ.